ಟಾಕಿಯ ಮನೆಗೊಂದು ಮುಯ್ಯಿ

ಬೆಳಗಿನ ರೊಟ್ಟಿ ಬಡಿದು ಮುಗಿಸಿ, ಕುರಿಗಳನ್ನು ಗಂಡ ರೇವಣಪ್ಪನ ಜೊತೆ ಅಡವಿಗೆ ಕಳಿಸಿ, ಕಸ್ತೂರೆವ್ವ ದಪ್ಪ ಸೂಜಿಯೊಂದನ್ನು ಸೆರಗಿಗೆ ಚುಚ್ಚಿಕೊಂಡು ಎದುರು ಮನೆಯ ಅಂಗಳಕ್ಕೆ ಹೋದರು. ಅಲ್ಲಿ ಸುಲ್ತಾನಬಿ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಒಬ್ಬರೇ ಕೌದಿ ಹೊಲಿಯುತ್ತಿದ್ದರು. ಕಸ್ತೂರೆವ್ವ ಇನ್ನೊಂದು ಅಂಚಿಗೆ ಕೂತು ದಾರ ಪೋಣಿಸಿದರು.

“ನಾ ನಿನ್ನ ಕರದೇನೇನು?” ಸುಲ್ತಾನಬಿ ಕೇಳಿದರು.

“ಇಲ್ಲ.”

“ಮತ್ತ್ಯಾಕ ಬಂದಿ?”

“ಕೌದಿ ಕಾಣ್ತು, ಬಂದೆ. ಸಂಜೀತನಕ ಇರತೇನಿ. ನಡುವ ಚಾ ಮಾಡು, ಸಕ್ರಿ ಜಾಸ್ತಿ ಇರಲಿ.”

ಎರಡು ಸಾಲು ಹೊಲಿಗೆ ಮುಗಿಯುವ ಹೊತ್ತಿಗೆ ಸುಲ್ತಾನಬಿಗೆ ವಿಷಯ ಹೊಳೆಯಿತು. “ಕಳ್ಳಿ! ನನ್ನ ಮ್ಯಾಲ ಮುಯ್ಯಿ ಏರಿಸಾಕ ಬಂದಿ” ಎಂದರು. ಕಸ್ತೂರೆವ್ವ ಮೂರನೆಯ ಸಾಲು ಶುರು ಮಾಡಿದರು.

ಒಬ್ಬರ ಮನೆಯಲ್ಲಿ ಒಂದು ದಿನ ದುಡಿದರೆ ಅವರು ಬಂದು ನಿಮ್ಮಲ್ಲಿ ಒಂದು ದಿನ ದುಡಿಯಬೇಕು. ಇದು ಮುಯ್ಯಿ. ಇದರಲ್ಲಿ ಕೂಲಿಯಿಲ್ಲ. ಆ ದಿನದ ಮಧ್ಯಾಹ್ನದ ಊಟ ಮಾತ್ರ ದುಡಿಸಿಕೊಂಡ ಮನೆಯದು. ಝಳಕಿಯ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಸಿಗುವ ಈ ಊರಿನಲ್ಲಿ, ಮುಯ್ಯಿ ತೀರಿಸದ ಹೆಂಗಸಿನ ಮಾತು ನೀರಿಗೆ ಹೋದಲ್ಲೆಲ್ಲ ಬರುತ್ತದೆ.

ಊರಿನಲ್ಲಿ ಸರ್ಕಾರದ ಅನುದಾನದ ನೀರಿನ ಟಾಕಿಗಳು ಎರಡು. ಒಂದು ಕಸ್ತೂರೆವ್ವನ ಓಣಿಯಲ್ಲಿ, ಇನ್ನೊಂದು ಊರ ಬಾಗಿಲಾದ ಅಗಸಿಯ ಹತ್ತಿರ. ಒಂದೇ ನಕ್ಷೆ, ಒಬ್ಬನೇ ಗುತ್ತಿಗೆದಾರ, ಒಂದೇ ದಿನ ಪೂಜೆ. ಎರಡರ ಬುಡದಲ್ಲೂ ದನಕರು ಕುಡಿಯಲು ಸಿಮೆಂಟಿನ ದೋಣಿ. ಅಗಸಿಯ ಟಾಕಿಯ ನೆತ್ತಿಯ ಮೇಲೆ ಈಗ ಅರಳಿ ಸಸಿ ಬೆಳೆದಿದೆ, ನಲ್ಲಿಗಳು ಇಲ್ಲ, ದೋಣಿಯಲ್ಲಿ ಯಾರೋ ಮರಳು ತುಂಬಿದ್ದಾರೆ. ಓಣಿಯ ಟಾಕಿ ನೀರು ಕೊಡುತ್ತಲೇ ಇದೆ. ಎರಡರ ಉದ್ಘಾಟನೆಯ ಕಲ್ಲುಗಳೂ ಗಟ್ಟಿಯಾಗಿವೆ.

ವ್ಯತ್ಯಾಸ ಶುರುವಾದದ್ದು ಚಂದವ್ವ ಊರು ಬಿಟ್ಟಾಗ. ಕಸ್ತೂರೆವ್ವ, ಸುಲ್ತಾನಬಿ, ಮರೆವ್ವ ಮತ್ತು ಚಂದವ್ವ ಪ್ರತಿ ಚಳಿಗಾಲ ಪಾಳಿ ಹಚ್ಚಿ ಒಬ್ಬರ ಹೊಲದ ತೊಗರಿ ಮತ್ತೊಬ್ಬರು ಕೊಯ್ಯುತ್ತಿದ್ದರು. ಆ ವರ್ಷ ಚಂದವ್ವ ಉಳಿದ ಮೂವರ ಹೊಲದಲ್ಲಿ ದುಡಿದಾಗಿತ್ತು. ಅವರ ಪಾಳಿ ಬರುವ ಮೊದಲೇ ಗಂಡನಿಗೆ ಆಲಮಟ್ಟಿಯಲ್ಲಿ ಕಾಲುವೆಯ ಕೆಲಸ ಸಿಕ್ಕಿತು. ಹೊಲ ಬೇರೆಯವರಿಗೆ ವಹಿಸಿ, ಪಾತ್ರೆ ಪಡಗ ಟೆಂಪೋಗೆ ಏರಿಸಿದರು. “ನಿನ್ನ ಮುಯ್ಯಿ ಎಲ್ಲಿ ತೀರಿಸೂಣು?” ಎಂದು ಕಸ್ತೂರೆವ್ವ ಟೆಂಪೋ ಹಿಡಿದು ನಿಂತರು. ಚಂದವ್ವ ನಕ್ಕು, “ಆ ಟಾಕಿಗೆ ಕೊಡ್ರಿ. ಪಾಪ, ಹಸರಗಟ್ಟೇತಿ” ಎಂದರು. ಟೆಂಪೋ ಹೋಯಿತು.

ತಮಾಷೆಯ ಮಾತಿರಬಹುದು, ಆದರೆ ಮುಯ್ಯಿಯ ವಿಷಯದಲ್ಲಿ ಈ ಹೆಂಗಸರು ತಮಾಷೆ ಮಾಡುವವರಲ್ಲ. ಮರುದಿನ ಮೂವರೂ ಕಸಬರಿಗೆ, ತೆಂಗಿನ ನಾರು ಹಿಡಿದು ಓಣಿಯ ಟಾಕಿ ತೊಳೆಯಲು ಬಂದು ನಿಂತರು. ಮೋಟರ್ ಬಿಡುವ ಭೀಮಶ್ಯಾ, ನೀರು ತಡವಾಯಿತೆಂದು ಜಗಳಕ್ಕೆ ಬಂದಿದ್ದಾರೆ ಅಂದುಕೊಂಡು ಸೈಕಲ್ ತಿರುಗಿಸಿದ್ದರು. ಕೂಗಿ ಕರೆದು ವಾಲ್ವ್ ಬಂದ್ ಮಾಡಿಸಬೇಕಾಯಿತು.

ಮುಂದಿನ ವರ್ಷ ಪಾಳಿ ಹಚ್ಚುವಾಗ ಕಸ್ತೂರೆವ್ವ ತಮ್ಮ ಮನೆ, ಸುಲ್ತಾನಬಿಯ ಮನೆ, ಮರೆವ್ವನ ಮನೆ ಎಂದು ಹೇಳಿ, ಅದೇ ಉಸಿರಿನಲ್ಲಿ ಟಾಕಿಯ ಮನೆ ಎಂದರು. ಟಾಕಿ ಮುಯ್ಯಿ ಹೇಗೆ ತಿರುಗಿಸುತ್ತದೆ ಎಂದು ಮರೆವ್ವ ಕೇಳಿದರು. ದಿನಾ ತಿರುಗಿಸುತ್ತಿದೆಯಲ್ಲ ಎಂದರು ಸುಲ್ತಾನಬಿ. ತೊಡಕಾದದ್ದು ಊಟದ್ದು. ಟಾಕಿಗೆ ಒಲೆಯಿಲ್ಲ. ಕೊನೆಗೆ, ಗುಂಪಿನ ಮನೆಗಳಿಗೆ ತೀರಾ ಹೊಸದಾಗಿ ಬಂದ ಸೊಸೆ ಟಾಕಿಯ ಪರವಾಗಿ ಅಡುಗೆ ಮಾಡಬೇಕೆಂದು ತೀರ್ಮಾನವಾಯಿತು. ಬಸವನ ಬಾಗೇವಾಡಿ ಕಡೆಯಿಂದ ಕಸ್ತೂರೆವ್ವನ ಮನೆಗೆ ಬಂದ ಸುವರ್ಣಾಗೆ ಅಂದಿನಿಂದ ಓಣಿಯಲ್ಲಿ ‘ಟಾಕಿ ಸೊಸಿ’ ಎಂದೇ ಹೆಸರು.

“ತವರಮನ್ಯಾಗ ಕೇಳತಾರ್ರಿ, ನಿಮ್ಮತ್ತಿ ಹ್ಯಾಂಗದಾಳ ಅಂತ” ಎನ್ನುತ್ತಾರೆ ಸುವರ್ಣಾ. “ಯಾವ ಅತ್ತಿ ಅಂತೇನಿ. ಒಬ್ಬಾಕಿ ಸೋರತಾಳ, ಒಬ್ಬಾಕಿ ಬೈತಾಳ.”

“ಸೋರಾಕಿ ಕಡೇನ ಹೋಗಿ ಇರು” ಎಂದು ಒಳಗಿನಿಂದ ಕಸ್ತೂರೆವ್ವನ ದನಿ ಬರುತ್ತದೆ.

ಈ ಚಳಿಗಾಲ ಊರಿಗೆ ತೊಗರಿ ಕೊಯ್ಯುವ ಮಷೀನ್ ಬಂತು. ಮೂವರ ಹೊಲವನ್ನೂ ಅದೇ ಕೊಯ್ದಿತು. ಬೆನ್ನು ಉಳಿಯಿತೆಂದು ಎಲ್ಲರೂ ಖುಷಿಪಟ್ಟರು, ಕಸ್ತೂರೆವ್ವ ಕೂಡ. ಯಾರ ಮೇಲೂ ಯಾರ ಮುಯ್ಯಿಯೂ ಇರಲಿಲ್ಲ. ಪಾಳಿ ಹಚ್ಚಲಿಲ್ಲ, ಹಾಗಾಗಿ ಟಾಕಿಯ ದಿನವೂ ಬರಲಿಲ್ಲ. ನಿಲ್ಲಿಸೋಣ ಎಂದು ಯಾರೂ ಹೇಳಿರಲಿಲ್ಲ. ಶಿವರಾತ್ರಿಯ ಹೊತ್ತಿಗೆ ನಲ್ಲಿಯಲ್ಲಿ ಪಾಚಿಯ ಎಳೆಗಳು ಬಂದವು. ಕುರಿಗಳು ದೋಣಿಯನ್ನು ಮೂಸಿ ಮುಖ ತಿರುಗಿಸಿದವು. ಓಣಿಯ ಟಾಕಿ ಕೆಟ್ಟರೆ ರೇವಣಪ್ಪ ಕುರಿಗಳನ್ನು ಕಾಲುವೆಗೆ ಹೊಡೆಯಬೇಕು. ಅಲ್ಲಿ ನೀರು ಬಿಟ್ಟಾಗ ಮಾತ್ರ ನೀರು, ಮರಿಗಳು ಅಷ್ಟು ದೂರ ನಡೆಯಲಾರವು.

“ನಾವಿಬ್ರ ತೊಳದ್ರಾತು ಬಿಡು” ಎಂದರು ರೇವಣಪ್ಪ.

ಕಸ್ತೂರೆವ್ವ ಒಪ್ಪಲಿಲ್ಲ. “ಈ ಸಲ ನಾವ ತೊಳದ್ರ ಅದು ನಮ್ಮ ಟಾಕಿ ಆಗತೈತಿ. ಮುಂದಿನ ಸಲಾನೂ ನಾವ ತೊಳೀಬೇಕು. ನಮಗ ಕೈಲಾಗದ ವರ್ಷ ಅಗಸಿ ಟಾಕಿ ಆಗತೈತಿ.”

“ಮತ್ತ ಮುಯ್ಯಿ ಎಲ್ಲಿಂದ ತರ್ತಿ?”

“ಮಷೀನ್ ಬರದ ಕೆಲಸ ಯಾವುದರ ಇರಬೇಕಲ್ಲ.”

ಶಾವಿಗೆಗೆ ಝಳಕಿಯಲ್ಲಿ ಮಷೀನ್ ಇದೆ. ಖಾರ ಕುಟ್ಟುವುದಕ್ಕೂ ಇದೆ. ಕೌದಿಗೆ ಮಾತ್ರ ಇನ್ನೂ ಬಂದಿಲ್ಲ. ಬೇಸಿಗೆಯಲ್ಲಿ ಪ್ರತಿ ಮನೆಯಲ್ಲೂ ಒಂದಾದರೂ ಕೌದಿ ಏಳುತ್ತದೆ, ಒಬ್ಬರೇ ಹೊಲಿದರೆ ವಾರಗಟ್ಟಲೆ ಹಿಡಿಯುತ್ತದೆ. ಕರೆಯದೆ ಹೋದ ಸುಲ್ತಾನಬಿಯ ಅಂಗಳ ಹೀಗೆ ಮೊದಲನೆಯದಾಯಿತು.

ಸುದ್ದಿ ಮರೆವ್ವನ ಮನೆಗೆ ಮೊದಲೇ ಮುಟ್ಟಿತ್ತು. ಮರುದಿನ ಕಸ್ತೂರೆವ್ವ ಹೋದಾಗ ಅಂಗಳ ಖಾಲಿ.

“ಈ ವರ್ಷ ಕೌದಿ ಹೊಲ್ಯಂಗಿಲ್ಲವಾ ನಾ” ಎಂದರು ಮರೆವ್ವ, ಚಾ ಕೊಡುತ್ತ.

ಕಸ್ತೂರೆವ್ವ ಚಾ ಕುಡಿದು ಮುಗಿಸಿದರು. ಆಮೇಲೆ ಮಂಚದ ಕೆಳಗೆ ಕೈ ಹಾಕಿ ಸುರುಳಿಯೊಂದನ್ನು ಎಳೆದರು. “ಇದೇನಿದು?”

“ಹಳೇ ಸೀರಿ.”

“ಹಳೇ ಸೀರಿ ತಾವಾ ಒಂದಕ್ಕೊಂದು ಹೊಲಕೊಂಡಾವೇನು?”

ಮರೆವ್ವನಿಗೂ ನಗು ತಡೆಯಲಾಗಲಿಲ್ಲ. ನಿಜವಾದ ಕಾರಣ ಆಗ ಹೊರಬಂತು. ಹೋದ ವರ್ಷವೇ ನಿಚ್ಚಣಿಕೆ ಹತ್ತಿ ಟಾಕಿಯೊಳಗೆ ಇಳಿಯುವಾಗ ಮೊಣಕಾಲು ಹಿಡಿದಿತ್ತು. ಈಗ ಆಗದು. ಆಗದೆಂದು ಹೇಳಲು ನಾಚಿಕೆ. “ಮುಯ್ಯಿ ತಗೊಂಡು ತೀರಿಸಲಿಲ್ಲ ಅಂದ್ರ ಮಂದಿ ಏನಂತಾರ?”

“ನಿನ್ನ ಏರು ಅಂದಾರ್ಯಾರು? ದೋಣಿ ತಿಕ್ಕು. ಕುಂತಗೊಂಡ ತಿಕ್ಕು. ಒಳಗ ಸುವರ್ಣಾ ಇಳೀತಾಳ.”

“ಮತ್ತ ಅಡಗಿ?”

“ಅದು ನಿಂದು. ನಿನ್ನ ಪುಂಡಿಪಲ್ಯ ತಿಂದ ಬಾಳ ದಿನ ಆತು.”

ಸುರುಳಿ ಬಿಚ್ಚಿ ಹಾಸಿದರು. ಸಂಜೆಯವರೆಗೆ ಇಬ್ಬರೂ ಹೊಲಿದರು. ಟಾಕಿ ಸೊಸೆಯ ಕೆಲಸ ಅತ್ತೆಯ ವಯಸ್ಸಿನವಳಿಗೆ ಬಂತೆಂದು ಸುಲ್ತಾನಬಿ ಮರೆವ್ವನನ್ನು ಆಗಾಗ ‘ಮದುಮಗಳೇ’ ಎಂದು ಕರೆಯುತ್ತಿದ್ದಾರೆ. ಇಬ್ಬರ ಮೇಲೂ ಈಗ ಒಂದೊಂದು ದಿನದ ಮುಯ್ಯಿ ಇದೆ. ಇಬ್ಬರೂ ಅದನ್ನು ಕಸ್ತೂರೆವ್ವನ ಮನೆಯಲ್ಲಲ್ಲ, ಟಾಕಿಯ ಮನೆಯಲ್ಲಿ ತೀರಿಸಲು ಒಪ್ಪಿದ್ದಾರೆ. ಅಗಸಿಯ ಟಾಕಿಗೆ ಇನ್ನೂ ಯಾರೂ ಪಾಳಿ ಹಚ್ಚಿಲ್ಲ.

ಟಾಕಿ ತೊಳೆಯುವ ದಿನ ಸೋಮವಾರವೆಂದು ನಿಶ್ಚಯವಾಗಿದೆ. ಅಂದು ಊರಿನಲ್ಲಿ ಎತ್ತು ಹೂಡುವುದಿಲ್ಲ, ಹೊಲದ ಕೆಲಸ ಕಡಿಮೆ. ಭೀಮಶ್ಯಾ ಭಾನುವಾರ ಸಂಜೆಯೇ ವಾಲ್ವ್ ಬಂದ್ ಮಾಡುತ್ತಾರೆ. ಸೋಮವಾರ ಮಧ್ಯಾಹ್ನದವರೆಗೆ ಓಣಿಗೆ ನೀರು ಬರುವುದಿಲ್ಲ. ಕೊಡಗಳನ್ನು ಮೊದಲೇ ತುಂಬಿಸಿಟ್ಟುಕೊಳ್ಳಿ ಎಂದು ಮನೆಮನೆಗೆ ಹೇಳಿಯಾಗಿದೆ.