ಬೆಕ್ಕಿನ ಮುಖ ನೋಡುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ರಾಣಿಗಳ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಹೆಂಗಸೊಬ್ಬಳು ತಣ್ಣನೆಯ ನೆಲದ ಮೇಲೆ ಮಂಡಿಯೂರಿ, ಬೆತ್ತದ ಬುಟ್ಟಿಯೊಳಗೆ ಇಣುಕುತ್ತಿದ್ದಾಳೆ. ಒಳಗೊಂದು ಬೂದು ಬೆಕ್ಕು. ಬುಟ್ಟಿ ತಂದ ಅಜ್ಜ ಮಫ್ಲರು ಬಿಚ್ಚದೆ ನಿಂತಿದ್ದಾರೆ. ಹಿಂದಿನ ಸಂಜೆ ಯಾವುದೋ ಗಾಡಿ ಬೆಕ್ಕಿನ ಹಿಂಗಾಲಿನ ಮೇಲೆ ಹರಿದಿದೆ.

“ಆಗ್ಲೇ ಯಾಕೆ ತರಲಿಲ್ಲ ಅಜ್ಜಾ?”

“ಮಡಿಲಲ್ಲಿ ಕೂತು ಗುರುಗುರು ಅಂತಿತ್ತಲ್ಲ ತಾಯಿ. ಖುಷಿಯಾಗಿದೆ, ತಾನಾಗೇ ವಾಸಿಯಾಗುತ್ತೆ ಅಂದ್ಕೊಂಡೆ.”

“ನೋವಿಗೂ ಅದೇ ಸದ್ದು. ತನ್ನನ್ನ ತಾನೇ ಸಮಾಧಾನ ಮಾಡ್ಕೊಳ್ಳುತ್ತೆ. ಸದ್ದು ನಂಬಬೇಡಿ, ಮುಖ ನೋಡಿ. ಕಿವಿ ಪಕ್ಕಕ್ಕೆ ವಾಲಿದೆ, ಕಣ್ಣು ಕಿರಿದಾಗಿದೆ, ಮೂತಿ ಬಿಗಿದಿದೆ.”

ಈಕೆಯನ್ನು ಎಲ್ಲರೂ ಕರೆಯುವುದು ಬೆಕ್ಕಿನಕ್ಕ ಎಂದು. ನೆಲ ಒರೆಸಲು ಸೇರಿದವಳು ಒರೆಸುತ್ತ ಒರೆಸುತ್ತ ಬೆಕ್ಕುಗಳ ಗೂಡುಗಳ ಮುಂದೆ ನಿಂತುಬಿಡುತ್ತಿದ್ದಳು. ನೋವಿಗೆಂದು ಅಫೀಮಿನ ಕುಲದ ಔಷಧಿ ಕೊಟ್ಟರೆ ಬೆಕ್ಕಿಗೆ ಹುಚ್ಚು ಹಿಡಿಯುತ್ತದೆ ಎಂದು ಹೆದರುತ್ತಿದ್ದ ಕಾಲವದು. ಕೊಯ್ಯಿಸಿಕೊಂಡ ಬೆಕ್ಕು ಮೂಲೆಯಲ್ಲಿ ಸುಮ್ಮನೆ ಮುದುಡಿದರೆ ‘ಪಾಪದ್ದು, ಒಂಚೂರೂ ಗಲಾಟೆ ಇಲ್ಲ’ ಎನ್ನುತ್ತಿದ್ದರು. ಬಾಯಿಲ್ಲದ ಜೀವಿಗೆ ನೋವು ಕೊಟ್ಟ ದೇವರು ಬೆಕ್ಕಿಗೆ ಅದನ್ನು ಬಚ್ಚಿಡುವ ಬುದ್ಧಿಯನ್ನೂ ಕೊಟ್ಟಿದ್ದಾನೆ. ಈಗಿನ ಡಾಕ್ಟರಮ್ಮ ಬಂದ ಮೇಲೆ ಆ ಔಷಧಿ ಕೊಡುವುದು ರೂಢಿಯಾಯಿತು. ಮುಖ ನೋಡುವುದನ್ನು ಅಕ್ಕನಿಗೆ ಕಲಿಸಿದವರೂ ಅವರೇ. ದಿನಕ್ಕೆ ನಾಲ್ಕೈದು ಶಸ್ತ್ರಚಿಕಿತ್ಸೆ. ಎಚ್ಚರವಾಗುವ ಪ್ರತಿ ಬೆಕ್ಕಿನ ಮುಂದೆ ಅಕ್ಕ ಇರಲೇಬೇಕು.

“ಗಂಡನ ಮುಖ ಇಷ್ಟು ನೋಡಿದ್ದರೆ ಅವನು ದೇವರಾಗ್ತಿದ್ದ” ಎಂದು ನಾಯಿಗಳ ವಿಭಾಗದ ಅಣ್ಣ ಛೇಡಿಸುತ್ತಾನೆ.

“ಅವನು ನೋವು ಬಚ್ಚಿಟ್ಟಿದ್ದೇ ಇಲ್ವಲ್ಲ! ನೆಗಡಿಯಾದ್ರೂ ಬೀದಿಗೆಲ್ಲ ಗೊತ್ತು.”

ಡಾಕ್ಟರಮ್ಮ ಬೆಕ್ಕನ್ನು ಪರೀಕ್ಷಿಸಿ, ಕಾಲು ತೆಗೆಯಲೇಬೇಕು ಎನ್ನುತ್ತಾರೆ. ಅಜ್ಜ ಒಪ್ಪಿ ತಲೆಯಾಡಿಸುತ್ತಾರೆ. ಆದರೆ ನೋವಿಗೆ ಕೊಡುವ ಔಷಧಿ ಯಾವುದೆಂದು ತಿಳಿದೊಡನೆ ಬುಟ್ಟಿಯನ್ನು ಎದೆಗವಚಿಕೊಳ್ಳುತ್ತಾರೆ.

“ಅದೊಂದು ಬೇಡ. ನಮ್ಮೋಳಿಗೂ ಕೊನೇಲಿ ಅದನ್ನೇ ಕೊಟ್ರು. ಬೆಳಗಾಗೋದ್ರಲ್ಲಿ ಹೋಗ್ಬಿಟ್ಲು. ಇದು ಅವಳು ಸಾಕಿದ್ದು. ಇದನ್ನೂ ಕಳಿಸ್ಬೇಡಿ.”

ಅರಿವಳಿಕೆ ನಿದ್ದೆ ಬರಿಸುತ್ತದೆ, ಎದ್ದ ಮೇಲಿನ ನೋವಿಗೆ ಅದೊಂದೇ ಸಾಲದು, ತೂಕ ನೋಡಿಯೇ ಔಷಧಿ ಕೊಡುತ್ತೇವೆ ಎಂದು ಡಾಕ್ಟರಮ್ಮ ತಾಳ್ಮೆಯಿಂದ ವಿವರಿಸುತ್ತಾರೆ. ಅಜ್ಜ ಜಗ್ಗುವುದಿಲ್ಲ. ಅಕ್ಕ ಬೆಂಚಿನ ಮೇಲೆ ಅವರ ಪಕ್ಕ ಕೂರುತ್ತಾಳೆ.

“ಔಷಧಿ ಕೊಟ್ಟ ಮೇಲೆ ಅಜ್ಜಿ ನರಳಿದ್ರಾ ಅಜ್ಜಾ?”

ಅಜ್ಜ ಬುಟ್ಟಿಯ ಅಂಚನ್ನು ಸವರುತ್ತಾರೆ.

“ಇಲ್ಲ. ಅದಕ್ಕೆ ಮುಂಚೆ ಮುಟ್ಟೋಕೂ ಬಿಡ್ತಿರಲಿಲ್ಲ, ಅಷ್ಟು ನೋವು. ಆ ರಾತ್ರಿ ನನ್ನ ಕೈ ಹಿಡ್ಕೊಂಡು ಮಲಗಿದ್ಲು.”

“ಕರ್ಕೊಂಡು ಹೋಗಿದ್ದು ಕಾಯಿಲೆ ಅಜ್ಜಾ. ಔಷಧಿ ಕೈ ಹಿಡ್ಕೊಳ್ಳೋಕೆ ಬಿಟ್ಟಿತು.”

ಅಜ್ಜ ಮಫ್ಲರಿನಿಂದ ಕಣ್ಣೊರೆಸಿಕೊಂಡು ಬುಟ್ಟಿಯನ್ನು ಆಕೆಯ ಮಡಿಲಿಗಿಡುತ್ತಾರೆ. “ಕೊಡಿ.”

ಶಸ್ತ್ರಚಿಕಿತ್ಸೆ ಮುಗಿದು ಮಧ್ಯಾಹ್ನ ಬೆಕ್ಕು ಕಣ್ಣು ಬಿಡುತ್ತದೆ. ಕಪ್ಪು ಪಾಪೆ ಕಣ್ಣ ತುಂಬ ಅರಳಿದೆ. ಮುಂಗಾಲುಗಳು ಕಂಬಳಿಯನ್ನು ಒಂದೇ ಸಮನೆ ಒತ್ತುತ್ತಿವೆ.

“ಅಯ್ಯೋ, ಕಣ್ಣು ನೋಡು! ಹುಚ್ಚು ಹಿಡೀತಾ?”

“ಔಷಧಿಗೆ ಕಣ್ಣು ಅರಳುತ್ತೆ, ಅಷ್ಟೇ. ಅದಕ್ಕೇ ದೀಪ ಆರಿಸಿದ್ದೀನಿ. ಕೈ ನೋಡಿ, ಹಿಟ್ಟು ನಾದ್ತಿದೆ. ಮರಿಯಾಗಿದ್ದಾಗ ತಾಯಿ ಹೊಟ್ಟೆ ಹೀಗೇ ಒತ್ತಿ ಹಾಲು ಕುಡಿಯೋದು.”

“ನಮ್ಮೋಳ ಸೀರೇನೂ ಹೀಗೇ ನಾದ್ತಿತ್ತು” ಎಂದು ಅಜ್ಜ ಅಲ್ಲೇ ಕುಳಿತುಬಿಡುತ್ತಾರೆ. ಅಕ್ಕ ಬೆಕ್ಕಿನ ಮುಖ ನೋಡುತ್ತಾಳೆ. ಕಿವಿ ನೆಟ್ಟಗಿದೆ. ಮೂತಿ ಸಡಿಲವಾಗಿದೆ. ಈಗಿನ ಗುರುಗುರು ಸದ್ದನ್ನು ನಂಬಬಹುದು.

ಮನೆಗೆ ಕಳಿಸುವ ದಿನ ಆಕೆ ಅಜ್ಜನ ಕೈಗೆ ಸೂಜಿಯಿಲ್ಲದ ಸಿರಿಂಜು ಕೊಟ್ಟು, ನೀರಿನಲ್ಲಿ ಅಭ್ಯಾಸ ಮಾಡಿಸುತ್ತಾಳೆ.

“ಹಾಲಲ್ಲಿ ಬೆರೆಸಿದ್ರೆ ಸುಲಭ ಅಲ್ವಾ ತಾಯಿ?”

“ನುಂಗಿಬಿಟ್ರೆ ಅಷ್ಟಾಗಿ ಕೆಲಸ ಮಾಡಲ್ಲ. ಗಂಟಲಿಗಲ್ಲ, ಕೆನ್ನೆ ಒಳಗೆ ಹನಿ ಬಿಡಿ. ಒಳಗಿನ ತೊಗಲೇ ಹೀರ್ಕೊಳ್ಳುತ್ತೆ. ಡಾಕ್ಟರಮ್ಮ ಹೇಳಿದ್ದಕ್ಕಿಂತ ಒಂದು ಹನಿ ಹೆಚ್ಚಿಲ್ಲ.”

ಅಷ್ಟರಲ್ಲಿ ಹೊರಬಾಗಿಲು ಢಣ್ ಎಂದು ಬಡಿಯುತ್ತದೆ. ಗೂಡುಗಳೆಲ್ಲ ಬೆಚ್ಚುತ್ತವೆ. ಬೆಕ್ಕು ವಾಸಿಯಾದ ಖುಷಿಗೆ ನಿನಗೇನು ಬೇಕು ಎಂದು ಕೇಳಿದವರಿಗೆಲ್ಲ ಅಕ್ಕ ಹೇಳುವುದು ಒಂದೇ: “ಸದ್ದಿಲ್ಲದೆ ಮುಚ್ಚೋ ಬಾಗಿಲು ಹಾಕಿಸ್ಕೊಡಿ.”

ಮೆಟ್ಟಿಲಿಳಿಯುವ ಮೊದಲು ಅಜ್ಜ ತಿರುಗಿ ನಿಲ್ಲುತ್ತಾರೆ. “ಹೊಲಿಗೆ ಬಿಚ್ಚೋಕೆ ಬಂದಾಗ ನಿನ್ನ ಗುರುತು ಹಿಡಿಯುತ್ತಾ ಮಗಳೇ?”

“ಹಿಡೀದಿದ್ರೇ ಒಳ್ಳೇದು ಅಜ್ಜಾ. ನಾನು ನೆನಪಿದ್ರೆ ಆ ನೋವೂ ನೆನಪಿರುತ್ತೆ.” ಆಕೆ ಖಾಲಿ ಗೂಡಿನ ಕಂಬಳಿ ಮಡಿಸುತ್ತ ಮೆಲ್ಲನೆ ನಗುತ್ತಾಳೆ. “ಈ ಕೋಣೆಯಿಂದ ಅದೆಷ್ಟು ಬೆಕ್ಕು ಮನೆಗೆ ಹೋದವು! ಒಂದಕ್ಕಾದ್ರೂ ನನ್ನ ಗುರುತಿದೆಯಾ ಕೇಳಿ ನೋಡಿ.”