ತೋಡೂರಿನಿಂದ ಕೇಳುತ್ತಿದ್ದ ಸದ್ದು

1989ರಲ್ಲಿ ನಾನು ಅಂಕೋಲೆಯ ಒಂದು ಗ್ಯಾರೇಜಿನ ಹಿಂಬದಿ ಶೆಡ್ಡಿನಲ್ಲಿ ಬಫಿಂಗ್ ಮತ್ತು ಪ್ಲೇಟಿಂಗ್ ಕೆಲಸ ನೋಡಿಕೊಳ್ಳುತ್ತಿದ್ದೆ. ವೇಗವಾಗಿ ತಿರುಗುವ ಬಟ್ಟೆಯ ಚಕ್ರಕ್ಕೆ ಲೋಹವನ್ನು ಒತ್ತಿ ಹೊಳಪು ತರುವುದು ಬಫಿಂಗ್. ಕಬ್ಬಿಣದ ಮೇಲೆ ನಿಕ್ಕಲ್ಲಿನ ತೆಳು ಪದರ ಕೂರಿಸುವುದು ಪ್ಲೇಟಿಂಗ್. ಕಾರವಾರದಲ್ಲಿ ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿದ್ದೆ. ಜೊತೆಗೆ ಓದಿದವರು ಬ್ಯಾಂಕು, ಶಾಲೆ ಅಂತ ಬೇರೆ ಬೇರೆ ಊರು ಸೇರಿದ್ದರು. ಮನೆಯವರು ದಾಂಡೇಲಿಯಲ್ಲಿದ್ದರು. ನಾನು ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಭಾನುವಾರ ರಜೆ. ಶನಿವಾರ ಸಂಜೆ ಶಟರ್ ಎಳೆದ ಮೇಲೆ ಸೋಮವಾರ ಬೆಳಿಗ್ಗೆಯವರೆಗೆ ಯಾರೊಂದಿಗೂ ಮಾತಾಡದೆ ಕಳೆದ ವಾರಗಳಿದ್ದವು. ಖಾನಾವಳಿಯಲ್ಲಿ "ಸ್ವಲ್ಪ ಸಾರು" ಅನ್ನುವುದನ್ನು ಮಾತು ಅಂತ ಹಿಡಿಯದಿದ್ದರೆ.

ಆ ವರ್ಷ ಮಳೆಗಾಲ ಮುಗಿದ ಮೇಲೆ ಗಾಂವಕರ ಸಾಹೇಬರು ಬಂದರು. ಅಮದಳ್ಳಿಯವರು, ಹಡಗಿನಲ್ಲಿ ಇಂಜಿನಿಯರಾಗಿದ್ದವರು. ಇಂಜಿನ್ ರೂಮಿನ ಗದ್ದಲದಲ್ಲಿ ಇಪ್ಪತ್ತೆರಡು ವರ್ಷ ಕಳೆದು ಕಿವಿ ಮಂದವಾಗಿತ್ತು. ಕೆಲಸ ಬಿಟ್ಟು ಬಂದಾಗ ಐವತ್ತು ದಾಟಿರಲಿಲ್ಲ. ಮದುವೆಯಾಗಿರಲಿಲ್ಲ. ಅವರ ಹತ್ತಿರ ಇಂಗ್ಲೆಂಡಿನಲ್ಲಿ ತಯಾರಾದ, 1966ರ ಮಾದರಿಯ ಎರಡು ಬಾಗಿಲಿನ ಕಾರಿತ್ತು. ಅದಕ್ಕೆ ಅಲಾಯ್ ಗಾಲಿಗಳು. ಉಕ್ಕಿನ ಬದಲು ಅಲ್ಯೂಮಿನಿಯಂ ಮಿಶ್ರಲೋಹವನ್ನು ಎರಕ ಹೊಯ್ದು ಮಾಡಿದ ಗಾಲಿಗೆ ಹಾಗೆನ್ನುತ್ತಾರೆ. ಹಗುರ, ನೋಡಲು ಚಂದ. ಆಗ ನಮ್ಮ ಕಡೆ ಅಂಥದ್ದನ್ನು ಕಂಡವರೇ ಕಡಿಮೆ. ನಾಲ್ಕನ್ನೂ ಅವರು ಯಾವುದೋ ಬಂದರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಆರಿಸಿ ಹಡಗಿನಲ್ಲಿ ತಂದಿದ್ದರು.

ಒಂದೊಂದು ಗಾಲಿಯಲ್ಲೂ ಹೆಣೆದ ಕಡ್ಡಿಗಳ ನಡುವೆ ಮೂವತ್ತೆರಡು ಕಿಂಡಿಗಳು. ಕಿರುಬೆರಳು ಹೋಗುವಷ್ಟೇ ಜಾಗ. ಬ್ರೇಕು ಸವೆದು ಉದುರುವ ಕರಿ ಪುಡಿ ಆ ಕಿಂಡಿಗಳಲ್ಲಿ ಕೂತು, ಬಿಸಿಗೆ ಬೆಂದು ಹಿಡಿದುಕೊಳ್ಳುತ್ತಿತ್ತು. ಅದರ ಮೇಲೆ ನಮ್ಮ ಸಮುದ್ರದ ಉಪ್ಪುಗಾಳಿ. ಮೆರುಗೆಣ್ಣೆ ಎದ್ದ ಕಡೆಯೆಲ್ಲ ಬಿಳಿ ಹುಡಿ ಏಳುತ್ತಿತ್ತು.

"ತಿಂಗಳಿಗೊಂದು ಐತವಾರ ಇದಕ್ಕೇ ಕೊಡಬೇಕು ತಮಾ. ಆಗ್ತದ್ಯಾ?" ಎಂದು ಕೇಳಿದರು.

ಭಾನುವಾರ ಎಂದು ಕೇಳಿದ ಕೂಡಲೇ ಒಪ್ಪಿಕೊಂಡೆ.

ಗಾಲಿ ಶುಚಿ ಮಾಡುವ ಕ್ರಮ ಇಷ್ಟು. ಗಾಲಿ ತಣ್ಣಗಾಗಿರಬೇಕು. ಕಾರಿನಿಂದ ಬಿಚ್ಚಿ, ಹಿಂಬದಿಯಿಂದ ಶುರು ಮಾಡಬೇಕು. ತೆಳ್ಳನೆಯ ಸೋಪಿನ ನೀರು, ಮೆತ್ತನೆಯ ಬ್ರಷ್ಷು; ಕಿಂಡಿಗಳಿಗೆ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಕಾಸಿ ಬಗ್ಗಿಸಿ ಮಾಡಿಕೊಂಡದ್ದು. ಆಮೇಲೆ ಧಾರಾಳ ನೀರು, ಒರೆಸುವುದು, ಬಿಸಿಲಲ್ಲಿ ಒಣಗಿಸುವುದು, ಮೇಣ. ಮತ್ತೆ ಕೂರಿಸುವಾಗ ನಾಲ್ಕು ನಟ್ಟುಗಳನ್ನು ಎದುರುಬದುರಾಗಿ, ಟಾರ್ಕ್ ಪಾನಾದಲ್ಲಿ ನಲವತ್ತೈದು ಫೂಟ್-ಪೌಂಡಿಗೆ ಬಿಗಿಯಬೇಕು. ಎಷ್ಟು ಬಲ ಹಾಕಿದ್ದೇವೆಂದು ತೋರಿಸುವ ಪಾನಾ ಅದು. ಅಲ್ಯೂಮಿನಿಯಂ ಮೆದು, ನಟ್ಟು ಅದರ ಮೇಲೆ ಕೂತು ಒಗ್ಗಿಕೊಳ್ಳಬೇಕು. ಹಾಗಾಗಿ ಐವತ್ತು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿಯಬೇಕು. ಇದನ್ನು ಸಾಹೇಬರಿಗೆ ಹೇಳಿದ್ದೆ. ಆ ಕೆಲಸ ಅವರದು ಎಂದಾಗಿತ್ತು.

ನಾಲ್ಕು ಗಾಲಿಗೆ ಐದು ತಾಸು. ಅವರು ಬೆಳಗಾಗುವ ಹೊತ್ತಿಗೆ ಕಾರು ತಂದು ಬಿಟ್ಟು, ಪೇಟೆ ಸುತ್ತಿ, ಹತ್ತೂವರೆಗೆ ಬರುತ್ತಿದ್ದರು. ಕೆಲಸ ಮುಗಿದ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರವಾರಕ್ಕೆ ಹೊರಡುತ್ತಿದ್ದರು. ಅಲ್ಲಿ ಊಟ, ಕಡಲ ದಂಡೆಯಲ್ಲಿ ಸ್ವಲ್ಪ ಹೊತ್ತು, ವಾಪಸು. "ಗಾಡಿ ಎಂತ ಹೇಳ್ತದೆ ಅಂತ ನಂಗೆ ಕೇಳೂದಿಲ್ಲ ಮಾರಾಯ. ನಿಂಗೆ ಕೇಳಿದ್ರೆ ಹೇಳು," ಎನ್ನುತ್ತಿದ್ದರು. ಆ ತಿಂಗಳುಗಳಲ್ಲಿ ನನ್ನನ್ನು ಎಲ್ಲಿಗಾದರೂ ಕರೆದವರು ಅವರೊಬ್ಬರೇ. ಮುಂದಿನ ಭಾನುವಾರಕ್ಕೆ ಇನ್ನೆಷ್ಟು ದಿನ ಎಂದು ಕಾಯುತ್ತಿದ್ದೆ. ಇದನ್ನು ಮುಚ್ಚಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ.

ಎರಡನೆಯ ತಿಂಗಳೇ ಸೋಪು ಸೋತಿತು. ಕಿಂಡಿಗಳ ಬಿಳಿ ಹುಡಿ, ನಟ್ಟು ಕೂರುವ ಗುಳಿಗಳ ಸುತ್ತಿನ ಕಲೆ ಹೋಗಲಿಲ್ಲ. ನಮ್ಮ ಶೆಡ್ಡಿನಲ್ಲಿ ಹಿತ್ತಾಳೆ ದೀಪ, ತಾಮ್ರದ ಹಂಡೆ ಬೆಳಗಲು ದೇವಮ್ಮ ಎನ್ನುವ ಹೆಂಗಸಿದ್ದಳು. ಅರವತ್ತರ ಹತ್ತಿರದವಳು, ಆ ಭಾನುವಾರ ಬಾಕಿ ಕೆಲಸಕ್ಕೆಂದು ಬಂದಿದ್ದಳು. ನಾನು ಒಂದೇ ಕಿಂಡಿಗೆ ಕಾಲು ತಾಸು ಉಜ್ಜುವುದನ್ನು ನೋಡಿ ನಕ್ಕಳು.

"ಬೀಯಸ್ಸಿ ತಮಾ, ನಿನ್ನ ಪುಸ್ತಕದಲ್ಲಿ ಇದ್ಕೆ ಔಷಧ ಬರೀಲಿಲ್ವೇನೋ?"

"ಇದು ಹಿತ್ತಾಳೆ ಅಲ್ಲ, ದೇವಮ್ಮಾ."

"ಮಣ್ಣು ಹಿಡದದ್ದು ಎಲ್ಲಾ ಒಂದೇ. ಸರಿ ಆಚೆ."

ಅವಳು ಬಳಸಿದ್ದು ಮುರುಗಲು. ನಮ್ಮ ಕಡೆ ಸಾರಿಗೆ ಹಾಕುವ ಹುಳಿ. ಒಣಸಿಪ್ಪೆಯನ್ನು ಕಲ್ಲುಪ್ಪಿನ ನೀರಲ್ಲಿ ನೆನೆಸಿ ಹಿಂಡಿದರೆ ಕೆಂಪು ರಸ ಬರುತ್ತದೆ. ತಾಮ್ರ ಹಿತ್ತಾಳೆಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಬಟ್ಟೆಯ ತುಂಡನ್ನು ಅದರಲ್ಲಿ ಅದ್ದಿ ಕಿಂಡಿಗೆ ತುರುಕಿ ಎಳೆದಳು. ಬಿಳಿ ಹುಡಿ ಹೋಗಿ ಲೋಹ ಹೊಸದಾಗಿ ಮಿನುಗಿತು.

ಅದು ತಪ್ಪೆಂದು ನನಗೆ ಗೊತ್ತಿತ್ತು. ಗಾಳಿ ತಗುಲಿದ ಕೂಡಲೇ ಅಲ್ಯೂಮಿನಿಯಂ ಮೇಲೆ ಕಣ್ಣಿಗೆ ಕಾಣದ ಒಂದು ಪದರ ಕೂರುತ್ತದೆ. ಅದೇ ಅದರ ರಕ್ಷೆ. ಹುಳಿ ಆ ಪದರವನ್ನು ಕರಗಿಸುತ್ತದೆ, ಉಪ್ಪು ಅದನ್ನು ತೂತು ಮಾಡುತ್ತದೆ. ಉಕ್ಕಿನ ನಟ್ಟು ಅಲ್ಯೂಮಿನಿಯಂ ಗುಳಿಯಲ್ಲಿ ಕೂತು, ನಡುವೆ ಉಪ್ಪುನೀರಿನ ಪಸೆ ಉಳಿದರೆ ಅದೊಂದು ಪುಟ್ಟ ಬ್ಯಾಟರಿಯಾಗುತ್ತದೆ. ಅಲ್ಯೂಮಿನಿಯಂ ತಿಂದುಹೋಗಿ ಪುಡಿಯಾಗುತ್ತದೆ. ಎರಡನೆಯ ವರ್ಷದ ಪರೀಕ್ಷೆಯಲ್ಲಿ ಇದನ್ನು ಚಿತ್ರ ಸಮೇತ ಬರೆದವನು ನಾನು. ಆದರೆ ಹತ್ತೂವರೆಗೆ ಸಾಹೇಬರು ಬಂದು ಗಾಲಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. "ಶಾಬಾಸ್! ನಾ ತಂದಾಗ್ಲೂ ಹಿಂಗಿರ್ಲಿಲ್ಲ," ಎಂದರು. ಚೆನ್ನಾಗಿ ನೀರು ಹೊಯ್ದರೆ ಸಾಕು ಎಂದು ಸಮಾಧಾನ ಮಾಡಿಕೊಂಡೆ. ಮುಂದಿನ ತಿಂಗಳು ದೇವಮ್ಮ ಇಲ್ಲದಿದ್ದರೂ ನಾನೇ ಮುರುಗಲು ನೆನೆಸಿದೆ. ಬೇಗ ಮುಗಿಸಬೇಕೆಂಬ ಅವಸರದಲ್ಲಿ ಗುಳಿಗಳೊಳಗಿನ ಪಸೆ ಆರುವ ಮೊದಲೇ ನಟ್ಟು ಬಿಗಿದೆ. ಹೀಗೆ ಐದು ಸಲ.

ಆರನೆಯ ಸಲದ್ದು 1990ರ ಬೇಸಿಗೆ, ಮಾವಿನ ಹಣ್ಣಿನ ಕಾಲ. ಹನ್ನೊಂದು ಗಂಟೆಗೆ ಅಂಕೋಲೆ ಬಿಟ್ಟೆವು. ಅವರ್ಸೆ, ಹಾರವಾಡ ದಾಟಿ ಅಮದಳ್ಳಿಯವರೆಗೆ ಎಲ್ಲ ಸರಿಯಿತ್ತು. ತೋಡೂರಿನಲ್ಲಿ ಎದುರು ಬಂದ ಲಾರಿಗೆ ದಾರಿ ಬಿಡಲು ವೇಗ ಇಳಿಸಿದಾಗ ಕೇಳಿತು. ಟಿಕ್. ಎಡಗಡೆ, ನನ್ನ ಕಾಲಿನ ಮುಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಕ್. ಕಲ್ಲು ಸಿಕ್ಕಿರಬೇಕು ಅಂದುಕೊಂಡೆ. ಚೆಂಡಿಯಾದಲ್ಲಿ ಅದು ಗಾಲಿಯ ಸುತ್ತಿಗೆ ಸರಿಯಾಗಿ ಬರತೊಡಗಿತು. ಕಲ್ಲಲ್ಲ ಎಂದು ಆಗ ತಿಳಿಯಿತು. ನಟ್ಟಿನದು. ಎಡ ಮುಂದಿನ ಗಾಲಿಯ ಗುಳಿಗಳ ಒಳಗೆ ಬೆಳಿಗ್ಗೆ ಕಂಡ ಬಿಳಿ ಪುಡಿ, ಅದನ್ನು ಬಟ್ಟೆಯಿಂದ ಒರೆಸಿ ಹಾಗೇ ಬಿಗಿದದ್ದು ಎಲ್ಲ ಕಣ್ಣ ಮುಂದೆ ಬಂತು.

"ನಿಲ್ಲಿಸಿ" ಎನ್ನಬೇಕಿತ್ತು. ಒಂದು ಶಬ್ದ. ಆದರೆ ನಿಲ್ಲಿಸಿದರೆ ನಟ್ಟು ಬಿಚ್ಚುತ್ತಾರೆ. ಬಿಚ್ಚಿದರೆ ಹಡಗಿನ ಇಂಜಿನಿಯರ್‌ಗೆ ಆ ಪುಡಿ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಕಾರವಾರ ಮುಟ್ಟಿದ ಮೇಲೆ, ಅವರು ಊಟಕ್ಕೆ ಕೂತಾಗ, ನಾನೊಬ್ಬನೇ ಹೊರಗೆ ಬಂದು ಬಿಗಿದುಬಿಡುತ್ತೇನೆ ಎಂದು ಲೆಕ್ಕ ಹಾಕಿದೆ. ಪಾನಾ ಡಿಕ್ಕಿಯಲ್ಲಿತ್ತು. ಅರ್ಗಾ ದಾಟಿತು. ಅವರು ಯಾವುದೋ ಬಂದರಿನಲ್ಲಿ ತಿಂದ ಮೀನಿನ ಕಥೆ ಹೇಳುತ್ತಿದ್ದರು. ನಾನು ನಗಬೇಕಾದ ಕಡೆ ನಗುತ್ತಿದ್ದೆ. ಕಾಲ ಕೆಳಗೆ ಟಿಕ್, ಟಿಕ್, ಟಿಕ್.

ಬಿಣಗಾ ದಾಟಿ ಕಾರವಾರದ ಕಡೆಯ ತಿರುವುಗಳಲ್ಲಿ ರಸ್ತೆಯ ಎಡಕ್ಕೆ ಸಮುದ್ರ, ಬಹಳ ಕೆಳಗೆ. ಅಂಚಿಗೆ ಬಿಳಿ ಸುಣ್ಣ ಬಳಿದ ಕಲ್ಲುಗಳು. ಇಳಿಜಾರಿನ ತಿರುವಿನಲ್ಲಿ ಸದ್ದು ನಿಂತಿತು. ನಿಂತಿತಲ್ಲ ಎಂದು ನನಗೆ ಒಂದು ಕ್ಷಣ ಹಾಯೆನಿಸಿತು. ಆ ಕ್ಷಣಕ್ಕಾಗಿ ನನ್ನನ್ನು ನಾನು ಈಗಲೂ ಕ್ಷಮಿಸಿಲ್ಲ. ಸದ್ದು ನಿಂತದ್ದು ಕೊನೆಯ ಬೋಲ್ಟುಗಳು ಮುರಿದದ್ದರಿಂದ.

ಕಾರಿನ ಎಡ ಮೂತಿ ಧೊಪ್ಪನೆ ಕುಸಿಯಿತು. ನಮ್ಮದೇ ಗಾಲಿ ನಮ್ಮ ಮುಂದೆ, ನಮಗಿಂತ ವೇಗವಾಗಿ, ಬಿಸಿಲಿಗೆ ಹೊಳೆಯುತ್ತ ಓಡುತ್ತಿತ್ತು. ಅದರ ಎದುರಿಗೆ, ಬಸ್ಸಿಗೆ ಕಾಯುತ್ತ ಮೀನಿನ ಬುಟ್ಟಿ ಕೆಳಗಿಟ್ಟುಕೊಂಡು ನಿಂತ ಒಬ್ಬ ಹೆಂಗಸು. ಸಾಹೇಬರು ಸ್ಟೀರಿಂಗನ್ನು ಬಲಕ್ಕೆ ಎಳೆದು ಹಿಡಿದಿದ್ದರು. ಕಾರು ಕೇಳದೆ ಎಡಕ್ಕೇ ಕಿರುಚುತ್ತ ಜಾರುತ್ತಿತ್ತು. ನನ್ನ ಕಿಟಕಿಯಲ್ಲಿ ರಸ್ತೆ ಮುಗಿದು ನೀರು ಕಂಡಿತು. ಸುಣ್ಣದ ಕಲ್ಲಿಗೆ ಬಡಿದು ನಿಂತೆವು. ಕಲ್ಲು ವಾಲಿತು, ಬೀಳಲಿಲ್ಲ.

ಗಾಲಿ ಆ ಹೆಂಗಸಿನ ಬುಟ್ಟಿಗೆ ಬಡಿದು, ಅವಳ ಸೊಂಟದ ಎತ್ತರಕ್ಕೆ ಹಾರಿ, ಒಂದು ಮೊಳ ಪಕ್ಕದಲ್ಲಿ ಹಾದು ಪೊದೆಯಲ್ಲಿ ಬಿತ್ತು. ನಾನು ಸಾಹೇಬರ ಬದಿಯ ಬಾಗಿಲಿನಿಂದ ಹೊರಬಂದಾಗ ಅವಳು ರಸ್ತೆಯ ತುಂಬ ಚೆಲ್ಲಿದ ಬಂಗಡೆಗಳ ನಡುವೆ ನಿಂತಿದ್ದಳು. ನಮ್ಮನ್ನು ಕಂಡದ್ದೇ ದನಿ ಏರಿಸಿದಳು.

"ಮೂರೇ ಗಾಲಿ ಸಾಕಾ ನಿಮ್ಗೆ? ಇನ್ನೊಂದು ನನ್ನ ಮೇಲೆ ಬಿಟ್ರ್ಯಾ? ಮನೇಲಿ ಎರಡು ಹೆಣ್ಮಕ್ಕಳು ಅದಾವೆ ನಂಗೆ! ಅವ್ಕೆ ಅನ್ನ ನೀವು ಹಾಕ್ತಿದ್ರ್ಯಾ?"

ಸಾಹೇಬರು ಎದೆ ಹಿಡಿದಿದ್ದ ಕೈ ತೆಗೆದು ಮುಗಿದರು. "ತಪ್ಪಾತು ತಂಗಿ. ತಪ್ಪು ನಂದೇ."

ಅವಳು ಅವರ ಮುಖ ನೋಡಿ ದನಿ ಇಳಿಸಿದಳು. "ನೀವು ಮೊದ್ಲು ಕೂತ್ಕಳಿ. ಮುಖ ಬೆಳ್ಳಗಾಗ್ಯದೆ." ಆಮೇಲೆ ನನ್ನ ಕಡೆ ತಿರುಗಿ, "ನೀ ಎಂತ ನೋಡ್ತೆ? ಮೀನು ಆರ್ಸು," ಎಂದಳು.

ಮೀನು ಆರಿಸಿದೆ. ಆಮೇಲೆ ಪೊದೆಗೆ ಹೋಗಿ ಗಾಲಿ ನೋಡಿದೆ. ನಟ್ಟು ಕೂರುವ ನಾಲ್ಕೂ ಗುಳಿಗಳು ಗೆದ್ದಲು ತಿಂದ ಮರದ ಹಾಗಿದ್ದವು. ಬಿಗಿದಾಗ ನಟ್ಟು ಆ ಪುಡಿಯ ಮೇಲೆ ಬಿಗಿಯಾಗಿತ್ತು. ಓಡುತ್ತ ಪುಡಿ ಕುಸಿದು ನಟ್ಟು ಸಡಿಲಾಗಿತ್ತು. ಸಡಿಲಾದ ಗಾಲಿ ಅಲ್ಲಾಡಿ ಬೋಲ್ಟುಗಳನ್ನು ಒಂದೊಂದಾಗಿ ಮುರಿದಿತ್ತು. ಹೊರಗಿನ ಕಿಂಡಿಗಳು ಮಾತ್ರ ಆಗಲೂ ಮಿನುಗುತ್ತಿದ್ದವು.

ಸಾಹೇಬರ ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು. ಕಾರವಾರದ ಆಸ್ಪತ್ರೆಯಲ್ಲಿ ಪಟ್ಟಿ ಸುತ್ತಿಸಿಕೊಳ್ಳುತ್ತ ಹೇಳಿದರು: "ಐವತ್ತು ಕಿಲೋಮೀಟರ್ ಆದ್ಮೇಲೆ ನಟ್ ಬಿಗಿ ಮಾಡಿ ಅಂತ ನೀ ಬಡ್ಕೊಂಡಿದ್ದೆ. ಒಂದ್ಸಲನೂ ಮಾಡ್ಲಿಲ್ಲ ನಾನು. ನಿನ್ನ ಕೊಲ್ತಿದ್ದೆ ತಮಾ." ಅವರ ಕಣ್ಣು ತುಂಬಿತ್ತು. ಅಂಕೋಲೆ ಬಿಟ್ಟು ನಾವು ಐವತ್ತು ಕಿಲೋಮೀಟರ್ ಓಡಿರಲೇ ಇಲ್ಲ ಎಂಬುದನ್ನು ನಾನು ಅವರಿಗೆ ನೆನಪಿಸಲಿಲ್ಲ.

ಎರಡು ದಿನ ಹಾಗೇ ಇದ್ದೆ. ಆ ತಪ್ಪನ್ನು ಅವರ ಮೇಲೆಯೇ ಬಿಟ್ಟರೆ ಭಾನುವಾರಗಳು ನನಗೆ ಉಳಿಯುತ್ತಿದ್ದವು. ಬಹುಶಃ ಮೊದಲಿಗಿಂತ ಹೆಚ್ಚು ಪ್ರೀತಿಯಿಂದ ಕರೆಯುತ್ತಿದ್ದರು. ಮೂರನೆಯ ದಿನ ಬಸ್ಸು ಹತ್ತಿ ಅಮದಳ್ಳಿಗೆ ಹೋದೆ. ಅವರು ಜಗಲಿಯಲ್ಲಿ ದಿಂಬಿಗೆ ಒರಗಿದ್ದರು. ಮುರುಗಲು, ಉಪ್ಪು, ಆರದ ಪಸೆ ಎಲ್ಲವನ್ನೂ ಅವರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದೆ. ಗುಟ್ಟನ್ನು ಕೂಗಿ ಹೇಳುವುದು ಕಷ್ಟ.

ಅವರು ಸ್ವಲ್ಪ ನಕ್ಕರು, ಪಕ್ಕೆ ಹಿಡಿದುಕೊಂಡರು. "ಮುರುಗಲಾ? ಹಡಗಲ್ಲಿ ನಾವೂ ಎಂತೆಂತದೋ ಹಾಕಿ ತಿಕ್ತಿದ್ವು. ಅದು ಹೋಗ್ಲಿ. ಸದ್ದು ಬಂದಿರ್ಬೇಕಲ್ಲ. ಕೇಳಿತ್ತಾ?"

"ಕೇಳಿತ್ತು."

"ಎಲ್ಲಿಂದ?"

"ತೋಡೂರಿಂದ."

ಅವರು ಬೆರಳು ಮಡಚಿ ಊರುಗಳನ್ನು ಎಣಿಸಿದರು. ತೋಡೂರು, ಚೆಂಡಿಯಾ, ಅರ್ಗಾ, ಬಿಣಗಾ. ನಾಲ್ಕು ಬೆರಳು ಮಡಚಿ ಕೈಯನ್ನೇ ನೋಡಿದರು.

"ನಂಗೆ ಕೇಳೂದಿಲ್ಲ ಅಂತ ನಿಂಗೆ ಗೊತ್ತಿತ್ತು," ಎಂದರು. ಸಿಟ್ಟಿರಲಿಲ್ಲ. "ಇನ್ನು ನೀ ಬರೂದು ಬೇಡ ತಮಾ. ಚಾ ಕುಡ್ದು ಹೋಗು."

ಚಹಾ ಬಂತು. ಇಬ್ಬರೂ ಕುಡಿದೆವು. ಲೋಟ ಜಗಲಿಯ ಮೇಲಿಟ್ಟು ಬಸ್ಸಿಗೆ ಹೊರಟೆ. ಮಳೆಗಾಲ ಕಳೆದ ಮೇಲೆ ಆ ಕಾರು ಉಕ್ಕಿನ ಗಾಲಿಗಳಲ್ಲಿ ಅಂಕೋಲೆಯ ಪೇಟೆಯಲ್ಲಿ ಹಾದುಹೋಗುವುದನ್ನು ಒಂದೆರಡು ಸಲ ನೋಡಿದೆ. ಪಕ್ಕದ ಸೀಟು ಖಾಲಿಯಿತ್ತು. ಆ ಮೀನಿನ ಹೆಂಗಸಿನ ಹೆಸರನ್ನೂ ನಾನು ಕೇಳಿಕೊಂಡಿರಲಿಲ್ಲ. ಅವಳ ಸೊಂಟದ ಎತ್ತರಕ್ಕೆ ಗಾಲಿ ಹಾರುವುದನ್ನು ಮಾತ್ರ ಈಗಲೂ ಕಾಣುತ್ತೇನೆ. ಕೆಲವು ಸಲ ಅದು ಪಕ್ಕಕ್ಕೆ ಹೋಗುವುದಿಲ್ಲ.

ಮುಂದೆ ಸ್ವಂತ ವರ್ಕ್‌ಶಾಪು ಹಾಕಿದೆ. ಅಲಾಯ್ ಗಾಲಿಗಳು ಎಲ್ಲ ಕಾರಿಗೂ ಬಂದವು. ಹುಳಿ, ಉಪ್ಪು ಒಳಗೆ ಬಿಡಲಿಲ್ಲ. ಗುಳಿಗಳನ್ನು ಒಣಗಿಸಿ, ಬೆರಳಿಟ್ಟು ನೋಡಿದ ಮೇಲೆಯೇ ನಟ್ಟು ಬಿಗಿದೆ. ಇದು ಯಾರಾದರೂ ಕಲಿಸಬಹುದಾದ ಪಾಠ. ಆ ಭಾನುವಾರ ನನಗೆ ಕಲಿಸಿದ್ದು ಬೇರೆ. ಗಾಲಿ ಬಿಚ್ಚಿ ಕೂರಿಸಿದ ಪ್ರತಿ ಕಾರಿನಲ್ಲೂ ಗಿರಾಕಿಯ ಪಕ್ಕದಲ್ಲಿ ಕೂತು ಸ್ವಲ್ಪ ದೂರ ಹೋಗಿಬರುತ್ತಿದ್ದೆ. ಏನು ಸದ್ದು ಕೇಳಿದರೂ "ನಿಲ್ಲಿಸಿ" ಎನ್ನುತ್ತಿದ್ದೆ. ಹೆಚ್ಚಿನ ಸಲ ಅದು ಸಿಕ್ಕಿಕೊಂಡ ಜಲ್ಲಿಕಲ್ಲು, ಡಿಕ್ಕಿಯಲ್ಲಿ ಉರುಳಿದ ಬಾಟಲಿ. "ಏನೂ ಇಲ್ಲ ಮಾರಾಯ್ರೆ, ಸುಮ್ನೆ ಹೆದರ್ತ್ರಿ," ಎಂದು ಗಿರಾಕಿಗಳು ನಗುತ್ತಿದ್ದರು. ನಾನು ರಸ್ತೆಯ ಬದಿಯಲ್ಲಿ ಮಂಡಿಯೂರಿ, ನಾಲ್ಕೂ ಗಾಲಿಯ ನಟ್ಟು ಮುಟ್ಟಿ ನೋಡಿ, ಅವರ ನಗು ಮುಗಿದ ಮೇಲೆಯೇ ಏಳುತ್ತಿದ್ದೆ.