ಏರಿಗೆ ಮುಖ ಮಾಡಿ ನಿಂತ ಕಾರು

ಆ ವರ್ಷ ದೀಪಾವಳಿ ಮುಗಿದದ್ದೇ ತಡ, ನಮ್ಮ ಹಳೆಯ ಡೀಸೆಲ್ ಕಾರು ಬೆಳಿಗ್ಗೆ ಸ್ಟಾರ್ಟ್ ಆಗದೆ ಹಠ ಹಿಡಿಯತೊಡಗಿತು. ನಾನು ಶಾಲೆಯ ಶಿಕ್ಷಕಿ, ಏಳಕ್ಕೆ ಪ್ರಾರ್ಥನೆಗೆ ನಿಂತಿರಬೇಕು. ಕೀಲಿ ತಿರುಗಿಸಿದರೆ ಎಂಜಿನ್ ಗರಗರ ತಿರುಗುತ್ತಿತ್ತೇ ಹೊರತು ಹತ್ತಿಕೊಳ್ಳುತ್ತಿರಲಿಲ್ಲ. ಹತ್ತು ಸಲ ಗೋಗರೆದ ಮೇಲೆ ಕೆಮ್ಮಿ, ಬಿಳಿ ಹೊಗೆ ಉಗುಳಿ, ಅಂತೂ ಒಪ್ಪಿಕೊಳ್ಳುತ್ತಿತ್ತು. ಅಷ್ಟರಲ್ಲಿ ಕೊಂಢವಾ ಬಡಾವಣೆಯ ನಮ್ಮ ಹೌಸಿಂಗ್ ಸೊಸೈಟಿಯ ಅರ್ಧ ಕಿಟಕಿಗಳು ತೆರೆದಿರುತ್ತಿದ್ದವು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ಸಾಕಾತು, ಇದನ್ನ ಮಾರಿಬಿಡತೀನಿ ನೋಡಪ್ಪಾ" ಎಂದು ಅಪ್ಪನ ಮೇಲೆ ಹರಿಹಾಯುತ್ತಿದ್ದೆ.

ಬೆಳಿಗ್ಗೆ ಕಾರು ನನ್ನದು, ಸಂಜೆ ಅಪ್ಪನದು. ಮಾರ್ಕೆಟ್ ಯಾರ್ಡಿಗೆ ಹೋಗಿ, ಬೆಳಗಾವಿ ಕಡೆಯಿಂದ ಬಂದ ಲಾರಿಯವರ ಜೊತೆ ಚಹಾ ಕುಡಿದು, ಊರಿನ ಮಳೆ ಬೆಳೆ ವಿಚಾರಿಸಿ, ಒಂದು ಕಟ್ಟು ಮೆಂತ್ಯ ಹಿಡಿದು ಮುಸ್ಸಂಜೆಗೆ ಬರುತ್ತಿದ್ದ. ಅವ್ವ ತೀರಿಕೊಂಡ ಮೇಲೆ, ಯಾರನ್ನೂ ಕೇಳದೆ ಹೀಗೆ ಹೋಗಿಬರುವುದೊಂದೇ ಅವನಿಗೆ ಉಳಿದಿದ್ದ ಸುಖ. ಕಾರು ಹೋದರೆ ಅದೂ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ಹೆದರಿಸುತ್ತಿದ್ದೆ.

ಮೆಕ್ಯಾನಿಕ್ ಸುರಪುರದ ಕಡೆಯವನು, ನಿಧಾನದ ಮನುಷ್ಯ. ಮೊದಲು ಬ್ಯಾಟರಿ ನೋಡಿದ, ಸರಿಯಿತ್ತು. ಡೀಸೆಲ್ ಎಂಜಿನ್ ಚಳಿಯಲ್ಲಿ ಹತ್ತಿಕೊಳ್ಳಲು ಒಳಗೆ ಒಂದಿಷ್ಟು ಕಾವು ಬೇಕು. ಆ ಕಾವು ಕೊಡುವ ನಾಲ್ಕು ಹೀಟರ್ ಪ್ಲಗ್‌ಗಳಲ್ಲಿ ಎರಡು ಸತ್ತಿದ್ದವು. ನಾಲ್ಕನ್ನೂ ಬದಲಿಸಿದ. ಆಮೇಲೆ ಡೀಸೆಲ್ ಫಿಲ್ಟರ್ ಬದಲಿಸಿದ. ಆದರೂ ಅದೇ ರಾಗ, ಅದೇ ಹಾಡು. ವಿಚಿತ್ರವೆಂದರೆ, ಕೆಲವು ದಿನ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. "ಅದಕ್ಕೂ ನಿನ್ನಂಗ ಒಂದೊಂದ ದಿನ ತಲಿ ನೆಟ್ಟಗಿರತದ" ಎಂದು ಅಪ್ಪ ಚೇಷ್ಟೆ ಮಾಡಿದರೆ ನಾನು ನಗುತ್ತಲೂ ಇರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ, ಕಾರನ್ನು ಯಾರೂ ಮುಟ್ಟುವ ಮೊದಲೇ ಮೆಕ್ಯಾನಿಕ್ ಮನೆಗೆ ಬಂದ. ಬಾನೆಟ್ ತೆರೆಯಲಿಲ್ಲ. ಸುತ್ತ ಒಂದು ಸುತ್ತು ಹಾಕಿ, ನೆಲ ನೋಡಿದ.

"ಅಕ್ಕಾರ, ನಿನ್ನಿ ಗಾಡಿ ತಂದು ನಿಲ್ಲಿಸಿದವರು ಯಾರ್ರಿ?"

"ಅಪ್ಪ."

"ಚಲೋ ಸ್ಟಾರ್ಟ್ ಆಗೂ ದಿನ?"

ಯೋಚಿಸಿದೆ. ಹಿಂದಿನ ಸಂಜೆ ಅಪ್ಪ ಹೊರಗೆ ಹೋಗಿರದ ದಿನಗಳವು. ಮಧ್ಯಾಹ್ನ ನಾನು ನಿಲ್ಲಿಸಿದ್ದು ರಾತ್ರಿಯಿಡೀ ಹಾಗೇ ಇರುತ್ತಿತ್ತು.

ನಮ್ಮ ಪಾರ್ಕಿಂಗ್ ಗೇಟಿನಿಂದ ಗೋಡೆಯವರೆಗೆ ಏರು. ನಾನು ರಿವರ್ಸ್ ತಂದು, ಗೇಟಿಗೆ ಮುಖ ಮಾಡಿ ನಿಲ್ಲಿಸುತ್ತಿದ್ದೆ. ಅಪ್ಪ ಈಚೆಗೆ ನೇರವಾಗಿ ನುಗ್ಗಿಸಿ, ಗೋಡೆಗೆ ಮುಖ ಮಾಡಿ ನಿಲ್ಲಿಸಿಬಿಡುತ್ತಿದ್ದ.

"ಡೀಸೆಲ್ ಪೈಪಿನ್ಯಾಗ ಸಣ್ಣ ಸೀಳು ಅದರಿ. ಮುಖ ಮ್ಯಾಲಾದ್ರ ಅದರಾಗಿಂದ ಗಾಳಿ ಹೊಕ್ಕು, ಡೀಸೆಲ್ ಹಿಂದಿನ ಟಾಕಿಗೆ ಇಳದು ಹೋಗತದ. ಮುಂಜಾನೆ ಎಂಜಿನ್ನಿಗೆ ಕುಡಿಯಾಕ ಏನೂ ಇರಂಗಿಲ್ಲ" ಎಂದ ಮೆಕ್ಯಾನಿಕ್, ಈಗ ಬಾನೆಟ್ ತೆರೆದು ಸೀಳು ತೋರಿಸುತ್ತ. ಗೇಣುದ್ದದ ಪೈಪು ಬದಲಿಸಿದ. ಮೂರು ತಿಂಗಳ ಕಾಟ ಅರ್ಧ ಗಂಟೆಯಲ್ಲಿ ಮುಗಿಯಿತು.

ಖುಷಿಯಿಂದ ಮೆಟ್ಟಿಲು ಹತ್ತುತ್ತಿದ್ದವಳು ನಡುವೆಯೇ ನಿಂತೆ. ಅಪ್ಪ ಮೂವತ್ತು ವರ್ಷ ಕುರಕುಂಭದ ಕೆಮಿಕಲ್ ಕಾರ್ಖಾನೆಯಲ್ಲಿ ದುಡಿದವನು. ಗ್ಯಾಸ್ ಸೋರಿದರೆ ನೇರ ಓಡಿಸಿಕೊಂಡು ಪಾರಾಗಬೇಕು, ಹಾಗಾಗಿ ಅಲ್ಲಿ ಪ್ರತಿ ಗಾಡಿಯೂ ಗೇಟಿಗೆ ಮುಖ ಮಾಡಿಯೇ ನಿಲ್ಲಬೇಕಿತ್ತು. ಆ ನಿಯಮವನ್ನು ಮನೆಗೂ ತಂದಿದ್ದ. ಮದುವೆ ಮನೆಯಲ್ಲೂ, ಗುಡಿಯ ಮುಂದೂ ಅವನ ಗಾಡಿ ಹಾಗೇ. ಡ್ರೈವಿಂಗ್ ಕಲಿಸುವಾಗ, ಒಮ್ಮೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದಕ್ಕೆ ನನ್ನನ್ನು ಎಲ್ಲರೆದುರು ಬೈದಿದ್ದ. ಅಂಥವನು ಆ ನಿಯಮ ಬಿಟ್ಟಾಗ, ವಯಸ್ಸಿನ ಸೋಮಾರಿತನವೆಂದು ನಾನು ಗೊಣಗಿ ಸುಮ್ಮನಾಗಿದ್ದೆನಲ್ಲ! ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ.

ಅಪ್ಪ ಅಡುಗೆಮನೆಯಲ್ಲಿ ಮೆಂತ್ಯದ ಎಲೆ ಬಿಡಿಸುತ್ತಿದ್ದ.

"ರಿವರ್ಸ್ ಯಾಕ ಹಾಕವಲ್ಲಿ ಅಪ್ಪಾ?"

"ಬಾಜೂದ್ದು ಕಾಣಂಗಿಲ್ಲವ್ವ. ಸಂಜಿ ಮುಂದ ಕಂಬ ಎಲ್ಲೈತಿ ತಿಳಿಯಂಗಿಲ್ಲ. ಎದುರಿಂದು ಕಾಣತದ."

"ಮತ್ತ ಹೇಳೂದಲ್ಲೇನು?"

"ನೀ ಗಾಡಿ ಮಾರತೀನಿ ಅಂತಿದ್ದೆಲ್ಲ."

ನಾನು ಫೋನ್ ತೆಗೆದು ಕಣ್ಣಿನ ಆಸ್ಪತ್ರೆಯ ನಂಬರು ಹುಡುಕಿದೆ.

ಮರುದಿನ ಕಣ್ಣಿನ ಡಾಕ್ಟರರು ಬಹಳ ಹೊತ್ತು ಪರೀಕ್ಷೆ ಮಾಡಿದರು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ, ಎರಡೂ ಅಂಚಿನ ನೋಟ ಹೋಗಿದೆ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಕಾಪಾಡಬೇಕು ಎಂದರು. ಇನ್ನು ಗಾಡಿ ಓಡಿಸಬಾರದು ಎಂದೂ ಹೇಳಿದರು. ಎರಡು ಮೂರು ತಿಂಗಳು ಮೊದಲೇ ಬಂದಿದ್ದರೆ ಒಂದಿಷ್ಟು ಹೆಚ್ಚು ಉಳಿಯುತ್ತಿತ್ತಂತೆ. ಆ ತಿಂಗಳುಗಳಲ್ಲಿ ನಾನು ಬ್ಯಾಟರಿ ನೋಡಿಸಿದೆ, ಪ್ಲಗ್ ನೋಡಿಸಿದೆ, ಫಿಲ್ಟರ್ ನೋಡಿಸಿದೆ.

ಹೊರಗೆ ಬಂದು ಅಪ್ಪ ತಾನಾಗಿಯೇ ಎಡಗಡೆಯ ಸೀಟಿನಲ್ಲಿ ಕೂತ. ಕೈ ಮಾತ್ರ ಬೆಲ್ಟಿಗಾಗಿ ಬಲ ಭುಜದ ಹಿಂದೆ ತಡಕಾಡುತ್ತಿತ್ತು. ಸ್ಟಿಯರಿಂಗ್ ಮುಂದೆ ಕೂತಾಗ ಅದು ಇರುತ್ತಿದ್ದದ್ದು ಅಲ್ಲೇ. ನಾನು ಎಡಗಡೆಯಿಂದ ಎಳೆದು ಹಾಕಿದೆ.

"ಗಾಡಿ ಮಾರೂದಿಲ್ಲಪ್ಪಾ" ಎಂದೆ.

"ಇನ್ನ ಮಾರಿದ್ರೂ ನಡೀತದವ್ವ" ಎಂದ.